ಫೋರ್ಕ್‌ಲಿಫ್ಟುಗಳಿಗೆ ಅಂಕ ಕೊಟ್ಟದ್ದು

ನಮ್ಮ ಕೋಲ್ಡ್ ಸ್ಟೋರೇಜಿನ ಹೊಸ ಚೇಂಬರ್ ಉದ್ಘಾಟನೆಯಾದ ದಿನ ಬ್ಯಾಡಗಿಯ ಅರ್ಧ ಮೆಣಸಿನಕಾಯಿ ಪೇಟೆ ಅಲ್ಲಿಗೆ ಬಂದಿತ್ತು. ಅಷ್ಟು ಎತ್ತರದ ಚೇಂಬರನ್ನು ನಮ್ಮ ಸುತ್ತಮುತ್ತ ಯಾರೂ ಕಟ್ಟಿಸಿರಲಿಲ್ಲ. ಒಳಗೆ ನೆಲದಿಂದ ಸೂರಿನವರೆಗೆ ಉಕ್ಕಿನ ಅಟ್ಟಗಳು, ಐದು ಅಂತಸ್ತು. ಮರದ ಹಲಗೆಯ ಮೇಲೆ ಚೀಲಗಳನ್ನು ಒಟ್ಟಿ, ಹಲಗೆಯ ಸಮೇತ ಒಂದೊಂದು ಅಂತಸ್ತಿನಲ್ಲಿ ಇಡುವುದು ಎಂಜಿನಿಯರನ ಯೋಜನೆ. ಸಾಹುಕಾರರು ರಿಬ್ಬನ್ ಕತ್ತರಿಸಿದರು. ಬಂದವರೆಲ್ಲ ಒಳಗೆ ಒಂದು ಸುತ್ತು ಹಾಕಿ, ತಂಪಿಗೆ ಕೈ ಉಜ್ಜಿಕೊಂಡು, ಹೊರಗೆ ಬಂದು ಪೇಢೆ ತಿಂದರು. ಹಮಾಲರ ಗುಂಪಿನ ಹಿರಿಯರೊಬ್ಬರು ಮಾತ್ರ ಒಳಗೇ ನಿಂತು, ಕತ್ತೆತ್ತಿ ಐದನೆಯ ಅಂತಸ್ತನ್ನು ನೋಡುತ್ತಿದ್ದರು. ನಾವೆಲ್ಲ ಅವರನ್ನು ಚಾಚಾ ಎನ್ನುತ್ತೇವೆ.

"ಸಾವ್ಕಾರ್ರ, ಆ ಮ್ಯಾಲಿಂದ್ರಾಗ ಚೀಲ ಯಾರು ಇಡಾವ್ರು?" ಎಂದು ಕೇಳಿದರು.

ಸಾಹುಕಾರರು ಎಂಜಿನಿಯರನ ಮುಖ ನೋಡಿದರು.

"ಅದಕ್ಕ ಹಲಗಿ ಎತ್ತಿಡೋ ಗಾಡಿ ಬರ್ತದಲ್ರಿ, ಫೋರ್ಕ್‌ಲಿಫ್ಟ್" ಎಂದ ಎಂಜಿನಿಯರ್.

"ಎಲ್ಲಿಂದ ಬರ್ತದ?"

"ನೀವು ತರಿಸಬೇಕ್ರಿ."

ಸಾಹುಕಾರರು ಕೈಯಲ್ಲಿದ್ದ ಪೇಢೆಯನ್ನು ಪೂರ್ತಿ ತಿಂದು ಮುಗಿಸಿ, ಕೈ ಒರೆಸಿಕೊಂಡು, "ಹೌದಲ್ಲ, ಅದನ್ನ ತರಸೂದೈತಿ" ಎಂದರು, ಮೊದಲಿಂದಲೂ ಗೊತ್ತಿದ್ದವರ ಹಾಗೆ. ಆಮೇಲೆ ಗಾಡಿ ಬರುವವರೆಗೆ ಆ ಚೇಂಬರು ಕೆಳಗಿನ ಅಂತಸ್ತಿನಲ್ಲಷ್ಟೇ ಚೀಲ ಇಟ್ಟುಕೊಂಡು, ಮೇಲಿನ ನಾಲ್ಕು ಅಂತಸ್ತುಗಳ ಗಾಳಿಯನ್ನು ಬಹಳ ಶ್ರದ್ಧೆಯಿಂದ ತಂಪು ಮಾಡುತ್ತಿತ್ತು.

ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಯಾವ ರೈತರ, ಯಾವ ದಲಾಲರ ಚೀಲ ಯಾವ ಸಾಲಿನಲ್ಲಿದೆ, ಒಳಗಿನ ತಂಪು ಎಷ್ಟು, ಗಾಳಿಯಲ್ಲಿ ತೇವ ಎಷ್ಟು ಎಂಬುದೆಲ್ಲ ನನ್ನ ಲೆಕ್ಕ. ಅದಕ್ಕೂ ಮೊದಲು ಹಾವೇರಿಯ ಒಂದು ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷ ವಿಜ್ಞಾನ ಕಲಿಸಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಆದರೆ ಮಕ್ಕಳು ಟೀಚರಮ್ಮನನ್ನು ಕರೆಯುವ ಹಾಗೆ "ಬಾಯಾರ" ಎಂದು ಕರೆಸಿಕೊಳ್ಳುವುದು ಮುಚ್ಚಲಿಲ್ಲ. ಹಾವೇರಿಯಿಂದ ದಿನವೂ ಬಸ್ಸು ಹತ್ತಿ ನನ್ನ ಹಿಂದೆಯೇ ಬ್ಯಾಡಗಿಗೆ ಬಂತು. ಕೋಲ್ಡ್ ಸ್ಟೋರೇಜಿನಲ್ಲಿ ಸಾಹುಕಾರರಿಂದ ವಾಚ್‌ಮನ್ನನವರೆಗೆ ಎಲ್ಲರಿಗೂ ನಾನು ಬಾಯಾರು.

ಒಂದು ದಿನ ಸಾಹುಕಾರರು ಕರೆಸಿ, "ಬಾಯಾರ, ನೀವು ಸೈನ್ಸ್ ಓದಿದವ್ರು. ಗಾಡಿ ನೀವ ಆರಿಸ್ರಿ" ಎಂದರು.

ನನಗೆ ಸ್ಕೂಟಿ ಕೂಡ ಬರುವುದಿಲ್ಲ. ಒಮ್ಮೆ ಹಾವೇರಿಯಲ್ಲಿ ಕಲಿಯಲು ಹೋಗಿ ಮನೆಯೆದುರಿನ ತುಳಸಿಕಟ್ಟೆಗೆ ಗುದ್ದಿದ ಮೇಲೆ ನನ್ನ ಗಂಡ ಬೀಗದಕೈಯನ್ನು ಎಲ್ಲಿಟ್ಟಿದ್ದಾರೆಂದು ಇಂದಿಗೂ ಹೇಳಿಲ್ಲ. ಇದನ್ನು ಸಾಹುಕಾರರಿಗೆ ಹೇಳಬೇಕೆಂದುಕೊಂಡೆ. ಆದರೆ ಹನ್ನೊಂದು ವರ್ಷ ಕರಿಹಲಗೆಯ ಮುಂದೆ ನಿಂತವರಿಗೆ "ನನಗೆ ಗೊತ್ತಿಲ್ಲ" ಎನ್ನುವ ಮಾತು ನಾಲಿಗೆಗೆ ಬರುವುದಿಲ್ಲ. "ಆಗ್ಲಿ ಬಿಡ್ರಿ, ನೋಡ್ತೇನಿ" ಎಂದೆ.

"ಕರೆಂಟಿಂದ ಬೇಕು ಮತ್ತ" ಎಂದರು ಅವರು. "ಡೀಸೆಲ್ ಬ್ಯಾಡ."

ಡೀಸೆಲ್ ಯಾಕೆ ಬೇಡ ಎಂಬುದಕ್ಕೆ ಅವರ ಬಳಿ ಮೂರು ಕಾರಣಗಳಿದ್ದವು. ಪೇಟೆಯವರ ಮುಂದೆ ಪರಿಸರದ ಮಾತಾಡುತ್ತಿದ್ದರು. ಖರೀದಿದಾರರ ಮುಂದೆ, ಮುಚ್ಚಿದ ಕೋಣೆಯಲ್ಲಿ ಡೀಸೆಲ್ ಗಾಡಿ ಓಡಿಸಿದರೆ ಮೆಣಸಿನಕಾಯಿಗೆ ಹೊಗೆಯ ವಾಸನೆ ಹಿಡಿಯುತ್ತದೆ ಎನ್ನುತ್ತಿದ್ದರು, ಅದು ನಿಜವೇ. ಮೂರನೆಯ ಕಾರಣವನ್ನು ಯಾರಿಗೂ ಹೇಳುತ್ತಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಅವರ ಕ್ಯಾಬಿನ್ ಇರುವುದು ಲಾರಿಗಳು ಬಂದು ನಿಲ್ಲುವ ಕಟ್ಟೆಯ ಸರಿಯಾಗಿ ಮೇಲೆ. ಮಧ್ಯಾಹ್ನ ರೊಟ್ಟಿ ಊಟ ಮಾಡಿ ಎರಡು ಗಂಟೆಯಿಂದ ಮೂರೂವರೆಯವರೆಗೆ ಅಲ್ಲಿನ ಸೋಫಾದ ಮೇಲೆ ಮಲಗುವುದು ಅವರ ಮೂವತ್ತು ವರ್ಷದ ಪದ್ಧತಿ. ಬ್ಯಾಟರಿ ಗಾಡಿ ಸಪ್ಪಳ ಮಾಡುವುದಿಲ್ಲವೆಂದು ಯಾರೋ ಅವರಿಗೆ ಹೇಳಿದ್ದರು.

ಹುಬ್ಬಳ್ಳಿಯಿಂದ ಮೂರು ಕಂಪನಿಗಳ ಮೂವರು ಮಾರಾಟಗಾರರು ಬಂದರು. ಮೂವರೂ ಬಾಗಿಲಲ್ಲಿ ನನ್ನನ್ನು ನೋಡಿ, "ಸರ್ ಇಲ್ವಾ ಮೇಡಂ?" ಎಂದೇ ಶುರುಮಾಡಿದರು. ಸರ್ ಮಲಗಿದ್ದಾರೆ, ಆರಿಸುವವಳು ನಾನೇ ಎಂದು ಹೇಳಿದ ಮೇಲೆ ಕುರ್ಚಿಯ ತುದಿಯಲ್ಲಿ ಕುಳಿತು, ಬಣ್ಣದ ಪುಸ್ತಿಕೆ ತೆಗೆದು, ಮೊದಲು ಗಾಡಿಯ ಬಣ್ಣ ತೋರಿಸಿದರು. ಬಣ್ಣ ಬಿಟ್ಟು ಬೇರೆ ಏನಾದರೂ ಕೇಳಿದರೆ ಪಕ್ಕದಲ್ಲಿ ನಿಂತ ಚಾಚಾನ ಕಡೆಗೆ ತಿರುಗಿ ಉತ್ತರ ಹೇಳುತ್ತಿದ್ದರು. ಚಾಚಾ ಪ್ರತಿ ಸಲವೂ ತಾಳ್ಮೆಯಿಂದ, "ಅವ್ರಿಗೆ ಹೇಳ್ರಿ. ಕೇಳಿದಾವ್ರು ಅವ್ರು" ಎನ್ನುತ್ತಿದ್ದರು.

ಪುಸ್ತಿಕೆಗಳನ್ನು ಓದಿ ನಾನೊಂದು ಪಟ್ಟಿ ಮಾಡಿದೆ. ನನಗೆ ಗೊತ್ತಿದ್ದ ವಿದ್ಯೆ ಅಂಕ ಕೊಡುವುದು. ಮೂರು ಗಾಡಿಗಳ ಹೆಸರನ್ನು ಮೇಲೆ ಬರೆದು, ಎಡಕ್ಕೆ ವಿಷಯಗಳನ್ನು ಬರೆದೆ. ಭಾರ ಎತ್ತುವ ಶಕ್ತಿಗೆ ನೂರರಲ್ಲಿ ನಲವತ್ತು ಅಂಕ, ಎಷ್ಟು ಎತ್ತರಕ್ಕೆ ಎತ್ತುತ್ತದೆ ಎಂಬುದಕ್ಕೆ ಇಪ್ಪತ್ತು, ಬ್ಯಾಟರಿಗೆ ಇಪ್ಪತ್ತು, ಉಳಿದದ್ದು ವೇಗ, ಬ್ರೇಕು ಇತ್ಯಾದಿಗೆ. ಇಷ್ಟು ದೊಡ್ಡ ಯಂತ್ರ ಅಂದಮೇಲೆ ಶಕ್ತಿಗೆ ಹೆಚ್ಚು ಅಂಕ ಇರಬೇಕೆಂದು ನನಗೆ ಅನಿಸಿತ್ತು. ಯಾಕೆ ಅನಿಸಿತು ಎಂದು ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ.

ಪುಸ್ತಿಕೆ ನೋಡಿದರೆ ಸಾಲದು, ಓಡುವ ಗಾಡಿಯೊಂದನ್ನು ನೋಡಿಬರಬೇಕು ಎಂದೆ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಗೋದಾಮಿನಲ್ಲಿ ಬ್ಯಾಟರಿ ಗಾಡಿ ಇದೆಯೆಂದು ತಿಳಿಯಿತು. ಸಾಹುಕಾರರು ಫೋನ್ ಮಾಡಿ ಒಪ್ಪಿಸಿದರು. "ಚಾಚಾನ್ನೂ ಕರ್ಕೊಂಡ ಹೋಗ್ರಿ" ಎಂದು, ಧ್ವನಿ ತಗ್ಗಿಸಿ, "ಹಾದ್ಯಾಗ ಸ್ವಲ್ಪ ಸಮಾಧಾನ ಹೇಳ್ರಿ. ಗಾಡಿ ಬಂದ್ರ ತಮ್ಮ ಕೆಲಸ ಹೋಗ್ತದ ಅಂತ ಮನಸಿನಾಗ ಇಟ್ಕೊಂಡಿರ್ತಾರ" ಎಂದರು.

ಹೀಗಾಗಿ ನಾನು ಬಸ್ಸಿನಲ್ಲಿ ಚಾಚಾನ ಪಕ್ಕ ಕುಳಿತು, ಊರು ದಾಟುವ ಮೊದಲೇ ಸಮಾಧಾನ ಹೇಳಲು ಶುರುಮಾಡಿದೆ. ಹಿಂದಿನ ದಿನ ಪಾಠದ ಟಿಪ್ಪಣಿಯ ಹಾಗೆ ಸಿದ್ಧಮಾಡಿಕೊಂಡಿದ್ದೆ. ಯಂತ್ರ ಬಂದರೂ ಮನುಷ್ಯ ಬೇಕೇ ಬೇಕು, ಲಾರಿಯಿಂದ ಇಳಿಸುವವರು ಬೇಕು, ಹಲಗೆಯ ಮೇಲೆ ಒಟ್ಟುವವರು ಬೇಕು, ಸಾಹುಕಾರರು ಯಾರನ್ನೂ ಬಿಡಿಸುವುದಿಲ್ಲ ಎಂದೆಲ್ಲ ಹೇಳುತ್ತ ಹೋದೆ. ಚಾಚಾ ಕಿಟಕಿಯ ಹೊರಗಿನ ಗೋವಿನಜೋಳದ ಹೊಲಗಳನ್ನು ನೋಡುತ್ತ ಕೇಳಿಸಿಕೊಂಡರು. ಬಸ್ಸು ಹೆದ್ದಾರಿಗೆ ಹತ್ತುವ ಹೊತ್ತಿಗೆ ನನ್ನ ಟಿಪ್ಪಣಿ ಮುಗಿದಿತ್ತು. ಆಗ ಅವರು ಕೇಳಿದರು:

"ಬಾಯಾರ, ಅದರ ಸೀಟ್ ಮೆತ್ತಗ ಇರ್ತೈತೇನ್ರಿ?"

"ಯಾಕ ಚಾಚಾ?"

"ನಾನ ಓಡಸೂಣು ಅಂತ ಮಾಡೇನಿ."

ನಾನು ಅವರ ಕಡೆ ತಿರುಗಿ ಕುಳಿತೆ. ಅವರೇ ಮುಂದುವರಿಸಿದರು.

"ಗ್ಯಾಂಗಿನಾಗ ಹದಿನಾಲ್ಕ ಮಂದಿ ಅದೇವ್ರಿ. ಅದರಾಗ ಎಲ್ಲಾರಕಿಂತ ಸಣ್ಣಾಂವಂಗ ನಲವತ್ತೆಂಟು. ಹೊಸಬ್ರು ಒಬ್ರೂ ಬರಾಂಗಿಲ್ಲ. ನನ್ನ ಮಗ ಹಾವೇರಿ ಬಸ್‌ಸ್ಟ್ಯಾಂಡ್ ಹಂತ್ಯಾಕ ಮೊಬೈಲ್ ರಿಪೇರಿ ಮಾಡ್ತಾನ, ಅವಂಗ ಚೀಲ ಅಂದ್ರ ನಗಿ ಬರ್ತೈತಿ. ನಮ್ಮ ಅನ್ನ ಕಸಗೊಳ್ಳಾಕ ಗಾಡಿನ ಬೇಕೇನ್ರಿ? ಮೊಣಕಾಲ ಸಾಕು."

ಬಸ್ಸಿಳಿಯುವಾಗ ನೋಡಿದೆ. ಒಂದು ಕೈಯಲ್ಲಿ ಕಂಬಿ ಹಿಡಿದು, ಎರಡೂ ಕಾಲನ್ನು ಒಂದೊಂದು ಮೆಟ್ಟಿಲ ಮೇಲೆ ಸೇರಿಸಿ ಇಟ್ಟು, ಹಸುಳೆಯ ಹಾಗೆ ಇಳಿದರು. ಐದು ವರ್ಷದಿಂದ ದಿನವೂ ನೋಡುತ್ತಿದ್ದ ಮನುಷ್ಯ. ಅವರ ಬೆನ್ನ ಮೇಲಿನ ಚೀಲಗಳನ್ನು ಒಂದೊಂದಾಗಿ ಎಣಿಸಿ ಬರೆದುಕೊಂಡಿದ್ದೆ. ಕಾಲನ್ನು ನೋಡಿರಲಿಲ್ಲ.

ಬೀಜದ ಕಂಪನಿಯ ಗೋದಾಮು ಆಸ್ಪತ್ರೆಯಷ್ಟು ಸ್ವಚ್ಛವಾಗಿತ್ತು. ಅಲ್ಲಿನ ಅಧಿಕಾರಿ ನಮ್ಮನ್ನು ಕೂರಿಸಿ, ಚಹಾ ತರಿಸಿ, ತಮ್ಮ ಗಾಡಿಯಷ್ಟು ಒಳ್ಳೆಯ ಗಾಡಿ ಇನ್ನೊಂದಿಲ್ಲ, ಇಷ್ಟು ವರ್ಷದಲ್ಲಿ ಒಂದು ದಿನವೂ ತೊಂದರೆ ಕೊಟ್ಟಿಲ್ಲ ಎಂದು ಕಾಲು ಗಂಟೆ ಹೇಳಿದರು. ಆಮೇಲೆ ನಮ್ಮನ್ನು ಗಾಡಿ ಓಡಿಸುವವನ ಹತ್ತಿರ ಬಿಟ್ಟು ಹೋದರು. ಅವನು ಮೂವತ್ತರ ಆಸುಪಾಸಿನ, ಕುಪ್ಪೇಲೂರಿನಿಂದ ದಿನವೂ ಬಂದುಹೋಗುವ ಮನುಷ್ಯ. ಅಧಿಕಾರಿಯ ಬೂಟಿನ ಸಪ್ಪಳ ಪೂರ್ತಿ ದೂರವಾಗುವವರೆಗೆ ಬಟ್ಟೆಯಿಂದ ಗಾಡಿಯನ್ನು ಒರೆಸುತ್ತ ನಿಂತಿದ್ದು, "ಇದನ್ನ ತಗೋಬ್ಯಾಡ್ರಿ" ಎಂದ.

"ಯಾಕ?"

"ಗಾಡಿ ಚಲೋ ಐತ್ರಿ. ಬ್ಯಾಟರಿ ಹಳೀ ನಮೂನಿದು. ವಾರಕ್ಕೊಮ್ಮೆ ನೀರ್ ಹಾಕಬೇಕು. ರಾತ್ರಿಯೆಲ್ಲಾ ಚಾರ್ಜ್ ಮಾಡಬೇಕು, ನಡುವ ತಗೀಬಾರ್ದು. ಇಲ್ಲಿ ನೀರ್ ಹಾಕೂದು ನನ್ನ ಕೆಲಸಂತ ಸ್ಟೋರಿನವ್ರು ಅಂತಾರ, ಎಲೆಕ್ಟ್ರಿಷನ್ ಕೆಲಸಂತ ನಾ ಅಂತೀನಿ, ಅವನು ತನ್ನ ಕಾಗದದಾಗ ಅದು ಬರ್ದಿಲ್ಲ ಅಂತಾನ. ಎರಡ್ನೇ ಬ್ಯಾಟರಿ ಇದು."

ಚಾಚಾ ಎಲ್ಲವನ್ನೂ ಕೇಳಿಸಿಕೊಂಡು ಗಾಡಿಯ ಸುತ್ತ ಒಂದು ಸುತ್ತು ಬಂದರು. ಹಿಂದೆ ನಿಂತು ನೋಡಿದರು, ಬಗ್ಗಲಾರದೆ ಬಗ್ಗಿ ಕೆಳಗೆ ನೋಡಿದರು. ಗಾಡಿ ಬೀಜದ ಚೀಲಗಳ ಹಲಗೆಯನ್ನು ಎತ್ತಿಕೊಂಡು ಹೋಗಿ, ಅಟ್ಟದ ಮೇಲಿಟ್ಟು, ಹಿಂದೆ ಸರಿದು ಬಂತು. ನಾನು ಗಡಿಯಾರ ನೋಡಿ ಎಷ್ಟು ಹೊತ್ತಾಯಿತೆಂದು ಬರೆದುಕೊಂಡೆ.

"ಇವ್ರ ಚೀಲ ಸಣ್ಣವು, ವಜ್ಜಿ ಭಾಳ" ಎಂದರು ಚಾಚಾ ನನಗೆ. "ನಮ್ಮವು ದೊಡ್ಡವು, ವಜ್ಜಿ ಇಲ್ಲ. ನಮ್ಮ ಹಲಗಿ ಇದರ ಮ್ಯಾಲೆ ಇಟ್ರ ಓಡಸಾಂವಂಗ ಮುಂದ ಏನ್ ಕಾಣ್ತದ?"

ಓಡಿಸುವವನು ನಕ್ಕ. "ಏನೂ ಕಾಣಂಗಿಲ್ರಿ ಅಜ್ಜಾರ. ರಿವರ್ಸ್‌ನ್ಯಾಗ ಹೋಗಬೇಕು."

ನಾನು ಇದನ್ನೂ ಬರೆದುಕೊಂಡೆ. ಆದರೆ ಪಟ್ಟಿಯಲ್ಲಿ "ಮುಂದೆ ಕಾಣುವುದು" ಎಂಬುದಕ್ಕೆ ಜಾಗ ಇರಲಿಲ್ಲ. ಅಂಕಗಳನ್ನೆಲ್ಲ ಆಗಲೇ ಹಂಚಿಯಾಗಿತ್ತು. ಕೊನೆಗೆ ಬ್ರೇಕಿನಿಂದ ಎರಡು ಅಂಕ ತೆಗೆದು ಅದಕ್ಕೆ ಕೊಟ್ಟೆ.

ಮರಳಿ ಬರುವಾಗ ಚಾಚಾ ಒಂದೇ ಮಾತು ಹೇಳಿದರು. "ನೀರ್ ಹಾಕೂದು ಯಾರ ಕೆಲಸಂತ ಹತ್ತ ಮಂದಿ ಇರೋ ಆಫೀಸಿನಾಗ ಗೊತ್ತಾಗ್ಲಿಲ್ಲ. ನಮ್ಮಲ್ಲಿ ಏನ್ ಗೊತ್ತಾಗ್ತದ್ರಿ? ನೀರ ಬ್ಯಾಡದ್ದ ತಗೋರಿ." ನೀರು ಬೇಡದ, ಊಟದ ಹೊತ್ತಿಗೆ ಅರ್ಧ ಗಂಟೆ ಚಾರ್ಜಿಗೆ ಹಾಕಿದರೂ ನಡೆಯುವ ಲಿಥಿಯಂ ಬ್ಯಾಟರಿ ಎಂಬುದು ಬಂದಿದೆಯೆಂದು ನನಗೆ ಓದಿ ಗೊತ್ತಿತ್ತು. ಅದು ಯಾಕೆ ಬೇಕು ಎಂಬುದಕ್ಕೆ ನಾನು ವರದಿಯಲ್ಲಿ ನಾಲ್ಕು ಪುಟ ಬರೆದೆ. ಚಾಚಾನ ಮೂರು ವಾಕ್ಯ ಅದರಲ್ಲಿ ಎಲ್ಲೂ ಬರಲಿಲ್ಲ. ವರದಿಗೆ ಅದು ಒಪ್ಪುವ ಭಾಷೆಯಲ್ಲ ಅನಿಸಿತ್ತು.

ವರದಿಯನ್ನು ಬೈಂಡ್ ಮಾಡಿಸಿ ಸಾಹುಕಾರರ ಮೇಜಿನ ಮೇಲಿಟ್ಟೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿ, ತೆರೆಯದೆ, "ಯಾವುದು ಪಾಸ್ ಆತ್ರಿ?" ಎಂದು ಕೇಳಿದರು.

"ಮೊದಲನೇ ಕಂಪನಿದು ಫಸ್ಟ್ ಕ್ಲಾಸ್ ಬಂದೈತಿ. ಎರಡೂವರೆ ಟನ್ ಎತ್ತತೈತಿ. ಮೂರನೇದು ಸೆಕೆಂಡ್ ಕ್ಲಾಸ್. ಎರಡನೇದು ಫೇಲು. ಸಣ್ಣದೈತಿ, ಮೂರ ಗಾಲಿದು."

"ಫಸ್ಟ್ ಕ್ಲಾಸ್ ಬಂದದ್ದು ತರಸ್ರಿ, ನೋಡೂಣ."

ಮುಂದಿನ ವಾರ ಮೊದಲನೆಯ ಕಂಪನಿಯವರು ತಮ್ಮ ಗಾಡಿಯನ್ನು ಪ್ರದರ್ಶನಕ್ಕೆಂದು ಲಾರಿಯ ಮೇಲೆ ತಂದರು. ಹಬ್ಬದ ಹೋರಿಯ ಹಾಗೆ ಅದಕ್ಕೊಂದು ಚೆಂಡುಹೂವಿನ ಮಾಲೆ ಹಾಕಿದ್ದರು. ಹಮಾಲರು, ಗುಮಾಸ್ತರು, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಪಕ್ಕದ ಗೋದಾಮಿನವರು, ಎಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತರು. ಗಾಡಿ ಕಟ್ಟೆ ಏರಿ, ಗಂಭೀರವಾಗಿ ಚೇಂಬರಿನ ಕಡೆ ಹೊರಟಿತು. ಚೇಂಬರಿನ ಬಾಗಿಲನ್ನು ನಾನು ಮೂರು ಸಲ ಅಳೆದಿದ್ದೆ. ಹಲಗೆಯನ್ನು ಮೇಲೆತ್ತುವ, ಗಾಡಿಯ ಮುಂದಿನ ಕಂಬವನ್ನು ಪೂರ್ತಿ ಇಳಿಸಿದರೆ ಬಾಗಿಲಿಗೆ ಒಂದು ಗೇಣು ಜಾಗ ಉಳಿಯುತ್ತಿತ್ತು. ಅದೂ ವರದಿಯಲ್ಲಿ ಇತ್ತು, ಚಿತ್ರ ಸಮೇತ.

ಆದರೆ ಚೇಂಬರಿನ ಬಾಗಿಲಿಗೆ ಹೋಗಬೇಕಾದರೆ ಮೊದಲು ಮುಂಗೋಣೆಯನ್ನು ದಾಟಬೇಕು. ಹೊರಗಿನ ಸೆಕೆ ನೇರವಾಗಿ ಒಳಗೆ ನುಗ್ಗಬಾರದೆಂದು ಕಟ್ಟಿದ ಕೋಣೆ ಅದು. ಅದಕ್ಕೂ ಒಂದು ಬಾಗಿಲಿದೆ. ದಿನಕ್ಕೆ ಇಪ್ಪತ್ತು ಸಲ ಅದರಲ್ಲಿ ಓಡಾಡುತ್ತಿದ್ದರಿಂದಲೋ ಏನೋ, ಅದು ಬಾಗಿಲು ಎಂಬುದೇ ನನಗೆ ಮರೆತುಹೋಗಿತ್ತು.

ಗಾಡಿ ಆ ಬಾಗಿಲ ಮುಂದೆ ಬಂದು ನಿಂತಿತು. ಓಡಿಸುತ್ತಿದ್ದವನು ಇಳಿದು ಮೇಲೆ ನೋಡಿದ. ಕಂಬ ಬಾಗಿಲಿಗಿಂತ ನಾಲ್ಕು ಬೆರಳು ಎತ್ತರವಾಗಿತ್ತು.

ಮಾರಾಟಗಾರ ಮೊಬೈಲಿನಲ್ಲಿ ಏನೋ ಹುಡುಕುವವನಂತೆ ನಿಂತ. ಪರೀಕ್ಷೆಯ ಕೋಣೆಯೊಳಗೆ ಬರಲಾಗದ ವಿದ್ಯಾರ್ಥಿಗೆ ನಾನು ಫಸ್ಟ್ ಕ್ಲಾಸ್ ಕೊಟ್ಟಿದ್ದೆ.

ಸಾಹುಕಾರರು ಬಾಗಿಲನ್ನೂ ಗಾಡಿಯನ್ನೂ ಒಮ್ಮೆ ನೋಡಿ, ಬಹಳ ಮೃದುವಾಗಿ, "ಬಾಯಾರ, ಬಾಗ್ಲಾ ಒಡಸೂಣೇನ್ರಿ?" ಎಂದರು.

ನನಗೆ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಆಗ ಚಾಚಾ ಮುಂದೆ ಬಂದು, "ಸಾವ್ಕಾರ್ರ, ಫೇಲಾಗೇತಲ್ಲ, ಅದನ್ನೊಮ್ಮೆ ಕರಸ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಉಳಿದವರಿಗೆ ಕೇಳದ ಹಾಗೆ, "ನಮ್ಮ ಒಂದ ಹಲಗಿ ತುಂಬ ಚೀಲ ಒಟ್ಟಿದ್ರೂ ಒಂದ ಟನ್ ಆಗಂಗಿಲ್ಲ ಬಾಯಾರ. ಎರಡೂವರಿ ಟನ್ ತಗೊಂಡ್ ಏನ್ ಮಾಡ್ತೀರಿ?" ಎಂದು ಕೇಳಿದರು.

ಆ ಒಂದು ಟನ್ನಿನ ಲೆಕ್ಕ ಕೂಡ ನನ್ನ ವರದಿಯಲ್ಲೇ ಇತ್ತು, ಹನ್ನೆರಡನೆಯ ಪುಟದಲ್ಲಿ. ನಲವತ್ತು ಅಂಕ ಕೊಟ್ಟದ್ದು ಮೂರನೆಯ ಪುಟದಲ್ಲಿ. ಎರಡೂ ಪುಟಗಳು ಒಂದನ್ನೊಂದು ಭೇಟಿಯಾಗಿರಲಿಲ್ಲ.

ಫೇಲಾದ ಗಾಡಿ ನಾಲ್ಕು ದಿನಕ್ಕೆ ಬಂತು. ಮಾಲೆ ಇರಲಿಲ್ಲ. ನೋಡಲು ಜನವೂ ಅಷ್ಟು ಸೇರಲಿಲ್ಲ. ಹಿಂದೆ ಒಂದೇ ಗಾಲಿ, ಮೋಟು ಮೈ, ಕಂಬ ಮೂರು ಮಡಿಕೆಯಾಗಿ ಒಂದರೊಳಗೊಂದು ಇಳಿಯುವಂಥದ್ದು. ಎರಡೂ ಬಾಗಿಲುಗಳನ್ನು ದಾಟಿ ಒಳಗೆ ಹೋಗಿ, ಅಟ್ಟಗಳ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ನಿಂತಲ್ಲೇ ತಿರುಗಿ, ಕಂಬವನ್ನು ಬಿಚ್ಚಿ ಐದನೆಯ ಅಂತಸ್ತಿಗೆ ಹಲಗೆ ಇಟ್ಟು ಬಂತು. ಚಾಚಾ ಸೀಟಿನ ಮೇಲೆ ಕುಳಿತು ನೋಡಿದರು. ಕಾಲಿಡುವ ಮೆಟ್ಟಿಲು ಕೆಳಗಿತ್ತು, ಹತ್ತಲು ಮೊಣಕಾಲು ಹೆಚ್ಚು ಮಡಚಬೇಕಿರಲಿಲ್ಲ. ಸೀಟನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿ ಇಳಿದರು. ಅವರ ಆಯ್ಕೆ ಅಲ್ಲಿಗೆ ಮುಗಿದಿತ್ತು ಎಂದು ನನಗೆ ಅನಿಸಿತು. ಉಳಿದ ಕಾರಣಗಳನ್ನು ನಮ್ಮ ಮರ್ಯಾದೆ ಉಳಿಸಲು ಹೇಳಿದ್ದರು.

ಅದೇ ಹೊತ್ತಿಗೆ ಸಾಹುಕಾರರು ಫೋನಿನಲ್ಲಿ ಮಾತಾಡುತ್ತ ಚೇಂಬರಿನ ಓಣಿಗೆ ಬಂದರು. ಗಾಡಿ ಅವರ ಹಿಂದಿನಿಂದ ಬಂದು ಎರಡು ಮೊಳ ದೂರದಲ್ಲಿ ನಿಂತಿತು. ಅದು ಬಂದದ್ದು ಅವರಿಗೆ ತಿಳಿದದ್ದು ಅದು ನಿಂತು, ಓಡಿಸುವವನು "ಸ್ವಲ್ಪ ಸರೀರಿ ಸರ್" ಎಂದ ಮೇಲೆ. ಅವರು ತಿರುಗಿ ನೋಡಿ, ಫೋನು ಕೆಳಗಿಳಿಸಿ, ಗೋಡೆಗೆ ಬೆನ್ನು ಹಚ್ಚಿ ನಿಂತರು. ಮುಖ ಬಿಳಚಿಕೊಂಡಿತ್ತು.

"ಇದು ಸಪ್ಪಳನ ಮಾಡಂಗಿಲ್ಲಲ್ಲ" ಎಂದರು.

"ಅದ ಇದರ ಸ್ಪೆಷಾಲಿಟಿ ಸರ್" ಎಂದ ಮಾರಾಟಗಾರ.

"ಸಪ್ಪಳ ಮಾಡೋ ಹಂಗ ಮಾಡ್ರಿ. ಮಂದಿ ಸಾಯ್ತಾರ."

ಗಾಡಿಯನ್ನು ಕೊಂಡೆವು, ನೀರು ಬೇಡದ ಬ್ಯಾಟರಿಯದ್ದನ್ನೇ. ಹಿಂದಕ್ಕೆ ಬರುವಾಗ ಕೂಗುವ ಒಂದು ಭೋಂಗವನ್ನು ಅದಕ್ಕೆ ಹಾಕಿಸಿದೆವು. ಮೆಣಸಿನಕಾಯಿಯ ದೊಡ್ಡ ಚೀಲಗಳನ್ನು ಒಟ್ಟಿದ ಮೇಲೆ ಮುಂದೆ ಏನೂ ಕಾಣುವುದಿಲ್ಲವಾದ್ದರಿಂದ ನಮ್ಮ ಗಾಡಿ ಹೊರೆ ಹೊತ್ತಾಗಲೆಲ್ಲ ಹಿಂದಕ್ಕೇ ಓಡುತ್ತದೆ. ಓಡುವಷ್ಟು ಹೊತ್ತೂ ಕೂಗುತ್ತದೆ. ಸಾಹುಕಾರರ ಕ್ಯಾಬಿನ್ನಿನ ಕೆಳಗೆ, ಎರಡು ಗಂಟೆಯಿಂದ ಮೂರೂವರೆಯ ನಡುವೆಯೂ. ಡೀಸೆಲ್ ಗಾಡಿಯಾಗಿದ್ದರೆ ಗುಡುಗುಟ್ಟುವ ಸದ್ದಿಗೆ ಒಂದು ವಾರದಲ್ಲಿ ಕಿವಿ ಒಗ್ಗಿಹೋಗುತ್ತಿತ್ತೇನೋ. ಇದಕ್ಕೆ ಒಗ್ಗುವುದಿಲ್ಲ, ಒಗ್ಗಬಾರದೆಂದೇ ಅದನ್ನು ಮಾಡಿದ್ದಾರೆ. ಈಗ ಸಾಹುಕಾರರು ಮಧ್ಯಾಹ್ನ ಮನೆಗೆ ಹೋಗಿ ಮಲಗುತ್ತಾರೆ. ಮೂವತ್ತು ವರ್ಷದ ಮೇಲೆ ಮಧ್ಯಾಹ್ನ ಮನೆಯಲ್ಲಿ ಗಂಡನನ್ನು ನೋಡಬೇಕಾಗಿ ಬಂದ ಅವರ ಹೆಂಡತಿ, ಒಮ್ಮೆ ಪೇಟೆಯಲ್ಲಿ ಸಿಕ್ಕಾಗ, "ಆ ಗಾಡಿ ಆರಿಸಿದವ್ರು ನೀವ ಏನ್ರಿ?" ಎಂದು ಕೇಳಿದರು. ಹೌದೆಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಮುಂದೆ ನಡೆದರು.

ಓಡಿಸುವುದು ಚಾಚಾನೇ ಎಂದು ಯಾರೂ ತೀರ್ಮಾನ ಮಾಡಲಿಲ್ಲ, ಅದು ತಾನಾಗಿ ಆಯಿತು. ಆದರೆ ಹುಬ್ಬಳ್ಳಿಯಲ್ಲಿ ತರಬೇತಿ ಪಡೆದು, ಬರವಣಿಗೆಯ ಪರೀಕ್ಷೆಯೊಂದನ್ನೂ ಪಾಸು ಮಾಡಿದರೆ ಮಾತ್ರ ಸರ್ಟಿಫಿಕೇಟು. ಚಾಚಾ ಶಾಲೆ ಬಿಟ್ಟದ್ದು ನಾಲ್ಕನೆಯ ಇಯತ್ತೆಯಲ್ಲಿ. ಅವರಿಗೆ ಪಾಠ ಹೇಳುವ ಕೆಲಸ ನನ್ನದಾಯಿತು. ಇದರಲ್ಲಾದರೂ ನನ್ನ ವಿದ್ಯೆ ಕೆಲಸಕ್ಕೆ ಬರಲಿ ಎಂದು ನಾನು ಉತ್ಸಾಹದಿಂದ ಒಪ್ಪಿಕೊಂಡೆ.

ಊಟದ ಬಿಡುವಿನಲ್ಲಿ, ತೂಕದ ಕಟ್ಟೆಯ ಪಕ್ಕ, ಹಳೆಯ ರಟ್ಟಿನ ಮೇಲೆ ಚಿತ್ರ ಬರೆದು ಗುರುತ್ವದ ಕೇಂದ್ರ ವಿವರಿಸಿದೆ. ಹೊರೆ ಮುಂದಕ್ಕೆ ಚಾಚಿದಷ್ಟೂ ಗಾಡಿ ಮುಗ್ಗರಿಸುವ ಅಪಾಯ ಹೆಚ್ಚು, ಎತ್ತರಿಸಿದಷ್ಟೂ ಪಕ್ಕಕ್ಕೆ ವಾಲುವ ಅಪಾಯ ಹೆಚ್ಚು, ಅದಕ್ಕೇ ಹೊರೆಯನ್ನು ತಗ್ಗಿಸಿಕೊಂಡು ಮೈಗೆ ಒತ್ತಿಕೊಂಡು ಓಡಿಸಬೇಕು ಎಂದೆ. ಚಾಚಾ ಚಿತ್ರವನ್ನು ನೋಡಿದರು. ಎದ್ದು ಹೋಗಿ, ಅಲ್ಲಿದ್ದ ಒಂದು ಚೀಲವನ್ನು ಬೆನ್ನಿಗೆ ಹಾಕಿಕೊಂಡು, ತುಸು ಬಾಗಿ ನಿಂತು, "ಹಿಂಗ?" ಎಂದರು. ಆಮೇಲೆ ನೆಟ್ಟಗೆ ನಿಂತು, "ಹಿಂಗ ನಿಂತ್ರ ಹಿಂದಕ ಬೀಳ್ತೇನಿ" ಎಂದರು. "ಇದಕ್ಕ ಏನೋ ಹೆಸರ ಅಂದ್ರೆಲ್ಲ?"

"ಗುರುತ್ವ ಕೇಂದ್ರ."

"ನಲವತ್ತ ವರ್ಷ ಹೆಸರ ಗೊತ್ತಿಲ್ದ ನಡಿಸಿದ್ನಲ್ರಿ." ಚೀಲ ಇಳಿಸಿ, ರಟ್ಟಿನ ಮೇಲೆ ಆ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಂಡರು. ಒತ್ತಕ್ಷರ ತಪ್ಪಿತ್ತು. ತಿದ್ದಿದೆ.

ಪರೀಕ್ಷೆಯಲ್ಲಿ ಪಾಸಾದರು. ಕಣ್ಣಿನ ತಪಾಸಣೆಯಲ್ಲಿ ತಡೆದರು. ಹಾವೇರಿಗೆ ಕರೆದುಕೊಂಡು ಹೋಗಿ ಚಷ್ಮ ಮಾಡಿಸಿದೆವು. ಚಷ್ಮ ಹಾಕಿಕೊಂಡು ಮೊದಲ ದಿನ ಗಾಡಿ ಹತ್ತಿದಾಗ ಹೊಸ ತೊಡಕೊಂದು ಗೊತ್ತಾಯಿತು. ಚೇಂಬರಿನ ತಂಪಿನಿಂದ ಮಾರ್ಚಿನ ಬಿಸಿಲಿಗೆ ಬಂದ ಕೂಡಲೇ ಗಾಜಿನ ಮೇಲೆ ಮಂಜು ಕವಿದು ಏನೂ ಕಾಣುವುದಿಲ್ಲ. ಇದಕ್ಕೆ ಯಾವ ಪುಸ್ತಿಕೆಯಲ್ಲೂ ಪರಿಹಾರ ಇರಲಿಲ್ಲ. ಚಾಚಾ ಪ್ರತಿ ಸಲವೂ ಮುಂಗೋಣೆಯಲ್ಲಿ ಗಾಡಿ ನಿಲ್ಲಿಸಿ, ಚಷ್ಮ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ನಿಧಾನವಾಗಿ ಒರೆಸಿ, ಹಾಕಿಕೊಂಡು, ಎಡಕ್ಕೂ ಬಲಕ್ಕೂ ನೋಡಿ, ಆಮೇಲೆ ಹೊರಗೆ ಬರುತ್ತಾರೆ. ಹೊರಗಿನ ಲಾರಿಯವರು ಬೈದುಕೊಳ್ಳುತ್ತಾರೆ. ನಮ್ಮಲ್ಲಿ ಈವರೆಗೆ ಯಾರಿಗೂ ಗಾಡಿ ತಾಕಿಲ್ಲ. ಸುರಕ್ಷತೆಯ ಬಗ್ಗೆ ವಿಚಾರಿಸಲು ಬಂದ ವಿಮೆಯವರು ಇದಕ್ಕೆ ಕಾರಣವೇನೆಂದು ಕೇಳಿದಾಗ, ಸಾಹುಕಾರರು ನನ್ನ ವರದಿಯನ್ನು ತೆಗೆದು ಕೊಟ್ಟರು.

ಇಷ್ಟಾದ ಮೇಲೆ ನಾನು ಸುತ್ತಲಿನ ಊರುಗಳಲ್ಲಿ ಫೋರ್ಕ್‌ಲಿಫ್ಟ್ ಬಲ್ಲವಳೆಂದು ಹೆಸರಾದೆ. ಬ್ಯಾಡಗಿಯ ಇಬ್ಬರು, ರಾಣೆಬೆನ್ನೂರಿನ ಒಬ್ಬರು ಕರೆಸಿ ಸಲಹೆ ಕೇಳಿದರು. ಎಲ್ಲ ಬಾಗಿಲುಗಳನ್ನೂ ಅಳೆಯಿರಿ, ನಿಮ್ಮ ಹೊರೆ ಎಷ್ಟು ಭಾರವೆಂದು ಮೊದಲು ತೂಗಿ ನೋಡಿ, ಓಡಿಸುವವನನ್ನು ಕೂರಿಸಿ ನೋಡಿ ಎಂದೆ. ರಾಣೆಬೆನ್ನೂರಿನವರು ಎಲ್ಲವನ್ನೂ ಕೇಳಿಸಿಕೊಂಡು, ಉಪ್ಪಿಟ್ಟು ತಿನ್ನಿಸಿ, ಬಸ್‌ಸ್ಟ್ಯಾಂಡಿನವರೆಗೆ ಕಾರಿನಲ್ಲಿ ಬಿಟ್ಟು, ಮೂರು ಟನ್ನಿನ ಗಾಡಿ ಕೊಂಡರು. ನೋಡಲು ಗಂಭೀರವಾಗಿತ್ತಂತೆ.

ನನಗೆ ಗಾಡಿ ಓಡಿಸಲು ಕಲಿಸಿದ್ದು ಚಾಚಾ. "ನನಗ ಪುಸ್ತಕ ನೀವು ಕಲಿಸಿದ್ರಿ, ಇದನ್ನ ನಾ ಕಲಸ್ತೇನಿ" ಎಂದು ಅವರೇ ಹಟ ಹಿಡಿದರು. ಕಟ್ಟೆ ಖಾಲಿ ಇದ್ದಾಗ, ಖಾಲಿ ಹಲಗೆಯೊಂದಿಗೆ, ಎರಡು ತಿಂಗಳು ಅಭ್ಯಾಸ ಮಾಡಿದೆ. ಆಮೇಲೆ ಹುಬ್ಬಳ್ಳಿಗೆ ಹೋಗಿ ಸರ್ಟಿಫಿಕೇಟನ್ನೂ ತಂದೆ. ಬರವಣಿಗೆಯ ಪರೀಕ್ಷೆಯಲ್ಲಿ ನನಗೇ ಹೆಚ್ಚು ಅಂಕ ಬಂದಿದ್ದವು. ಮನೆಯಲ್ಲಿ ಗಂಡನಿಗೆ ಸರ್ಟಿಫಿಕೇಟು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, "ಸ್ಕೂಟಿ ಕೀಲಿ ಮಾತ್ರ ಕೇಳಬ್ಯಾಡ" ಎಂದರು.

ಒಂದು ಶುಕ್ರವಾರ ಮಧ್ಯಾಹ್ನ ಚಾಚಾ ನಮಾಜಿಗೆ ಹೋಗಿದ್ದರು. ಅಗಡಿಯ ರೈತರೊಬ್ಬರ ಚೀಲ ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿತು. ಹಮಾಲರು ಹಲಗೆಯ ಮೇಲೆ ಒಟ್ಟಿಟ್ಟರು. ರೈತರಿಗೆ ಲಗೂ ಹೋಗಬೇಕಿತ್ತು. ನಾನು ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ನಮ್ಮ ಗಾಡಿಯ ಸೀಟು ಹತ್ತಿದೆ. ಭೋಂಗ ಕೂಗಿಸುತ್ತ ಹಿಂದಕ್ಕೆ ಓಡಿಸಿಕೊಂಡು ಎರಡೂ ಬಾಗಿಲು ದಾಟಿ, ಓಣಿಯಲ್ಲಿ ತಿರುಗಿ, ಮೂರನೆಯ ಅಂತಸ್ತಿಗೆ ಹಲಗೆ ಇಟ್ಟು ಬಂದೆ. ಮೈಯೆಲ್ಲ ಬೆವತಿತ್ತು, ಆ ತಂಪಿನಲ್ಲಿ. ರೈತರು, "ಪರವಾಗಿಲ್ರಿ ಅಕ್ಕಾರ" ಎಂದರು. ನನಗೆ ಅದು ಪದ್ಮಶ್ರೀಗಿಂತ ಹೆಚ್ಚೆನಿಸಿತು.

ಚಾಚಾ ಬಂದು, ಟೋಪಿ ಜೇಬಿಗಿಟ್ಟು, ಚೇಂಬರಿನೊಳಗೆ ಹೋದರು. ಮೂರನೆಯ ಅಂತಸ್ತನ್ನು ಕೆಳಗಿನಿಂದ ಸ್ವಲ್ಪ ಹೊತ್ತು ನೋಡಿದರು. ನಾನಿಟ್ಟ ಹಲಗೆಯ ಒಂದು ಮೂಲೆ ಅಟ್ಟದಿಂದ ಒಂದು ಗೇಣು ಹೊರಗೆ ಚಾಚಿತ್ತು. ಆಗ ಮಾತ್ರ ನನಗೂ ಅದು ಕಂಡಿತು.

ಅವರು ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಗಾಡಿ ಹತ್ತಿ, ಹಲಗೆಯನ್ನು ಇಳಿಸಿ, ನನ್ನ ಮುಂದೆ ನೆಲದ ಮೇಲಿಟ್ಟು, ಇಳಿದು ಸೀಟು ಖಾಲಿ ಮಾಡಿದರು.

"ಹತ್ರಿ ಬಾಯಾರ" ಎಂದರು. "ನಾ ಇಲ್ಲೆ ನಿಂದರ್ತೇನಿ."

ಮೂರನೆಯ ಸಲಕ್ಕೆ ಹಲಗೆ ನೆಟ್ಟಗೆ ಕುಳಿತಿತು.